ಹಸಿದ ಕೌದಿ

ನಮ್ಮೂರಿನ ಗಣಿಯಲ್ಲಿ ಕೆಲಸ ಮಾಡಿದ ಗಂಡಸರ ಅಂಗಿಗಳು ಅವರು ತೀರಿಕೊಂಡ ಮೇಲೂ ತಣ್ಣಗಾಗುವುದಿಲ್ಲ. ಈಗಷ್ಟೇ ಮೈಯಿಂದ ತೆಗೆದಿಟ್ಟ ಹಾಗೆ ಇರುತ್ತವೆ. ಗಣಿ ಶುರುವಾಗಿ ನಲವತ್ತು ವರ್ಷವಾಯಿತು. ಮೊದಲ ವರ್ಷ ಹೋದವರ ಅಂಗಿಯೂ ಇನ್ನೂ ಅಷ್ಟೇ ಬೆಚ್ಚಗಿದೆ. ಯಾಕೆ ಎಂದು ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ಚಳಿಗಾಲದಲ್ಲಿ ಕೇಳುತ್ತಾರೆ. ಎರಡನೆಯ ಚಳಿಗಾಲಕ್ಕೆ ಅವರೂ ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಆ ಅಂಗಿಗಳ ಕೌದಿಯ ಮಗ್ಗುಲಲ್ಲಿ ಇಡುತ್ತಾರೆ.

ಗಂಡ ತೀರಿಕೊಂಡು ವರ್ಷ ತುಂಬಿದ ದಿನ ಅವನ ಎರಡು ಜೊತೆ ಖಾಕಿ ಬಟ್ಟೆಯನ್ನು ಹೆಂಡತಿಯ ಹಳೆಯ ಸೀರೆಗಳೊಂದಿಗೆ ಸೇರಿಸಿ ಕೌದಿ ಹೊಲಿಸುವುದು ಇಲ್ಲಿಯ ಪದ್ಧತಿ. ಮೂರು ಮೂಲೆ ಹೊಲಿದು ನಾಲ್ಕನೆಯ ಮೂಲೆಯನ್ನು ತೆರೆದು ಬಿಟ್ಟಿರುತ್ತಾರೆ. ಅವನು ಇಷ್ಟಪಟ್ಟು ತಿನ್ನುತ್ತಿದ್ದುದರ ಒಂದು ತುತ್ತನ್ನು ಹೆಂಡತಿ ಅಲ್ಲಿ ತನ್ನ ಕೈಯಿಂದ ಇಟ್ಟು ಮೂಲೆ ಮುಚ್ಚುತ್ತಾಳೆ. ಕೌದಿ ಹಸಿದಿರಬಾರದು ಎನ್ನುತ್ತಾರೆ. ಆಮೇಲೆ ಅದು ಮನೆಯ ಎಲ್ಲರದೂ ಆಗುತ್ತದೆ. ಮುದುಕರು ಮೊಣಕಾಲಿಗೆ ಸುತ್ತಿಕೊಳ್ಳುತ್ತಾರೆ, ಬಾಣಂತಿಯರು ಕೂಸಿಗೆ ಹೊದಿಸುತ್ತಾರೆ, ಕಾವಿಗೆ ಕೂರದ ಕೋಳಿಯ ತತ್ತಿಗಳನ್ನು ಅದರ ಮಡಿಕೆಯಲ್ಲಿಟ್ಟು ಮರಿ ಮಾಡಿಸುತ್ತಾರೆ. ನಮ್ಮೂರಿನ ಅಂಗಡಿಗಳಲ್ಲಿ ಕಂಬಳಿ ಸಿಗುವುದಿಲ್ಲ. ನಮ್ಮೂರಿನ ಮೊಸರು ಗಟ್ಟಿ ಎಂದು ಸುತ್ತಲಿನ ಹಳ್ಳಿಯವರೆಲ್ಲ ಹೊಗಳುತ್ತಾರೆ.

ಗಣಿಯಿಂದ ಬರುವುದು ಯುರೇನಿಯಂ ಇರುವ ಕರಿಕಲ್ಲು. ಅದನ್ನು ಗಿರಣಿಯಲ್ಲಿ ಹಿಟ್ಟಿನ ಹಾಗೆ ಬೀಸಿ, ಆಮ್ಲದಲ್ಲಿ ಕರಗಿಸಿ, ಕಡೆಗೆ ಒಂದು ಹಳದಿ ಪುಡಿ ತೆಗೆಯುತ್ತಾರೆ. ಊರಿನವರು ಅದಕ್ಕೆ ಅರಿಶಿಣ ಎನ್ನುತ್ತಾರೆ. ಅರಿಶಿಣ ಪೀಪಾಯಿಗಳಲ್ಲಿ ತುಂಬಿ ಎಲ್ಲಿಗೋ ಹೋಗುತ್ತದೆ. ಉಳಿದ ರಾಡಿ ಕೊಳವೆಯಲ್ಲಿ ಹರಿದು ಎರಡು ಗುಡ್ಡಗಳ ನಡುವಿನ ಬೂದಿಕೆರೆಗೆ ಬರುತ್ತದೆ. ಬೇಸಿಗೆಯಲ್ಲಿ ಕೆರೆಯ ಅಂಚು ಒಣಗಿ ಗಾಳಿಗೆ ಏಳುತ್ತದೆ. ಮಾಳಿಗೆಯ ಮೇಲೆ ಹಾಕಿದ ಹಪ್ಪಳವನ್ನು ನಾವು ಎರಡು ಸಲ ಒರೆಸಿ ಡಬ್ಬಿಗೆ ತುಂಬುತ್ತೇವೆ. ಒಮ್ಮೆ ಕೊಳವೆ ಒಡೆದು ಹಳ್ಳದ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಕಂಪನಿಯವರು ದಂಡೆಯಲ್ಲಿ ‘ಈ ನೀರನ್ನು ಬಳಸಬೇಡಿ’ ಎಂಬ ಉದ್ದನೆಯ ಫಲಕ ನೆಟ್ಟರು. ಗಂಡಸರ ಖಾಕಿ ಬಟ್ಟೆ ಒಗೆದು ಒಣಹಾಕಲು ಹೆಂಗಸರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಗಣಿಯ ಪ್ರಯೋಗಾಲಯಕ್ಕೆ ಕೆಲಸಕ್ಕೆಂದು ಈ ಊರಿಗೆ ಬಂದವಳು. ಗಣಿಗಿಳಿಯುವ ಪ್ರತಿಯೊಬ್ಬನೂ ಎದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಬಿಲ್ಲೆ ಸಿಕ್ಕಿಸಿಕೊಳ್ಳಬೇಕು. ಅದರೊಳಗೆ ಒಂದು ಫಿಲ್ಮಿನ ತುಂಡು ಇರುತ್ತದೆ. ಕಲ್ಲಿನಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣ ತಾಗಿದಷ್ಟೂ ಫಿಲ್ಮು ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಬಿಲ್ಲೆಗಳನ್ನು ಕೂಡಿಸಿ, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಯಾರದು ಎಷ್ಟು ಕಪ್ಪಾಗಿದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಮಿತಿ ದಾಟಿದರೆ ಅವನನ್ನು ಕೆಳಗೆ ಇಳಿಸಬಾರದು.

ಗುರುಪಾದ ಬಿಲ್ಲೆ ಕೊಡಲು ಬಂದವನು ಕಿಟಕಿಯಲ್ಲಿ ಬಗ್ಗಿ ಕೇಳುತ್ತಿದ್ದ. “ಓದಿ ಮುಗೀತೇನ್ರೀ ನನ್ನ ಎದಿ?”

“ಇನ್ನೂ ಇಲ್ಲ,” ಎನ್ನುತ್ತಿದ್ದೆ.

“ಸಾವಕಾಶ ಓದ್ರಿ. ಭಾಳ ಬರದಿಲ್ಲ ಅದರಾಗ.”

ಆರನೆಯ ತಿಂಗಳು ನಮ್ಮ ಮದುವೆಯಾಯಿತು. ಮದುವೆಯಾದ ಮೇಲೂ ತಿಂಗಳ ಕೊನೆಗೆ ಅವನು ಸಾಲಿನಲ್ಲಿ ನಿಂತು ಬಿಲ್ಲೆ ಕೊಟ್ಟು ಅದನ್ನೇ ಕೇಳುತ್ತಿದ್ದ. ಹಿಂದೆ ನಿಂತವರು ನಗುತ್ತಿದ್ದರು. ಅವನ ಫಿಲ್ಮು ಯಾವಾಗಲೂ ತಿಳಿಯಾಗಿರುತ್ತಿತ್ತು, ನಮ್ಮ ಕಚೇರಿಯ ಜವಾನನದಕ್ಕಿಂತ ತಿಳಿ. ನನ್ನ ಗಂಡ ಜೋಪಾನವಾಗಿ ಕೆಲಸ ಮಾಡುತ್ತಾನೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ಏಳನೆಯ ವರ್ಷ ಅವನಿಗೆ ಕೆಮ್ಮು ಬಂತು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಹೋದ. ದೂರದ ಆಸ್ಪತ್ರೆಯಲ್ಲಿ ತೆಗೆದ ಅವನ ಎದೆಯ ಫೋಟೋವನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ್ದರು. ನಾನು ನೋಡಲಿಲ್ಲ. ಅವನ ಎದೆಯನ್ನು ನಾನು ತಿಂಗಳು ತಿಂಗಳೂ ಓದಿದ್ದೆನಲ್ಲ.

ವರ್ಷದ ದಿನ ಕೌದಿ ಹೊಲಿಯಲು ಮಾಬೂಬಿ ಬಂದಳು. ನಾಲ್ಕು ಮನೆ ಆಚೆ ಇರುವವಳು. ಊರಿನ ಕೌದಿಗಳಲ್ಲಿ ಅರ್ಧದಷ್ಟು ಅವಳ ಕೈಯವೇ. ಅವಳ ಗಂಡ ಹೋಗಿ ಹನ್ನೊಂದು ವರ್ಷವಾಗಿದೆ. ಪಡಸಾಲೆಯಲ್ಲಿ ಖಾಕಿ ತುಂಡುಗಳನ್ನು ಹರವಿಕೊಂಡು ಕೂತು, ಒಂದೊಂದನ್ನೂ ಕೆನ್ನೆಗೆ ಮುಟ್ಟಿಸಿ ನೋಡಿದಳು.

“ಕುದಿಯಾಕತ್ಯಾನಲ್ಲ ನಿನ್ನ ಗಂಡ. ನನ್ನಾಂವ ಇಷ್ಟು ಬಿಸಿ ಇದ್ದಿಲ್ಲ ತಗೊ. ಇದ್ದಾಗೂ ಇದ್ದಿಲ್ಲ.”

“ಮಾಬೂಬಿ, ಬಾಯಿಗೆ ಹೊಲಿಗಿ ಹಾಕ್ಕೊ,” ಎಂದರು ಅತ್ತೆ ನೀಲವ್ವ, ಒಳಗಿನಿಂದ.

“ದಾರ ಸಾಲೂದಿಲ್ಲ ನೀಲವ್ವಕ್ಕಾ.”

ನನ್ನ ಐದು ವರ್ಷದ ಮಗಳು ಮುಕ್ತಾ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಮಾಬೂಬಿ ಅಂಗಿಯ ಎದೆಯ ಭಾಗವನ್ನು ಕತ್ತರಿಸದೆ, ಕಿಸೆ ಹಾಗೆಯೇ ಉಳಿಯುವಂತೆ ನಾಲ್ಕನೆಯ ಮೂಲೆಗೆ ಕೂಡಿಸಿದ್ದಳು. ಅತ್ತೆ ಶೇಂಗಾ ಹೋಳಿಗೆ ಮಾಡಿದ್ದರು. ಒಂದು ತುತ್ತು ಮುರಿದು ನನ್ನ ಕೈಗೆ ಕೊಟ್ಟರು. ಮೂಲೆಯೊಳಗೆ ಕೈಯಿಟ್ಟೆ. ಅವನು ಊಟ ಮಾಡಿ ಅಡ್ಡಾದಾಗ ಎದೆಯ ಮೇಲೆ ಕೈಯಿಟ್ಟರೆ ಹೇಗಿರುತ್ತಿತ್ತೋ ಹಾಗಿತ್ತು. ತುತ್ತನ್ನು ಅಲ್ಲಿ ಬಿಡಲಾಗಲಿಲ್ಲ. ಕೈ ಹೊರಗೆ ತೆಗೆದು ಹೋಳಿಗೆಯನ್ನು ಮುಕ್ತಾಳ ಬಾಯಿಗೆ ಹಾಕಿದೆ.

“ಇದೇನವಾ?” ಎಂದಳು ಮಾಬೂಬಿ.

“ಇರಲಿ ಕಾಕು. ಆಮೇಲೆ ನಾನೇ ಮುಚ್ಚತೀನಿ.”

“ಹಸದ ಕೌದಿ ಹೊದ್ಕೊಬಾರ್ದು ತಂಗಿ.”

ಅತ್ತೆ ಉಳಿದ ಹೋಳಿಗೆಯನ್ನು ಒಳಗೆ ಒಯ್ದರು. ಮಗ ಇನ್ನೊಂದಿಷ್ಟು ದಿನ ಬಾಗಿಲು ತೆರೆದುಕೊಂಡಿರಲಿ ಎಂದು ಅವರಿಗೂ ಅನ್ನಿಸಿರಬೇಕು.

ಆಮೇಲೆ ಎಂದರೆ ಮೂರು ತಿಂಗಳಾಯಿತು. ಮುಕ್ತಾ ಅದನ್ನೇ ಹೊದ್ದು ಮಲಗುತ್ತಿದ್ದಳು. ಶಾಲೆಯಿಂದ ಬಂದು ಅದರೊಳಗೆ ಹೊಕ್ಕು ಅಲ್ಲಿಂದಲೇ ಅಜ್ಜಿಗೆ ಮಗ್ಗಿ ಒಪ್ಪಿಸುತ್ತಿದ್ದಳು. ನಾನು ಸಂಜೆ ಐದಕ್ಕೆ ಬಂದು, ಕೈಕಾಲು ತೊಳೆದು, ಯಾರೊಂದಿಗೂ ಮಾತಾಡುವ ಮೊದಲು ಆ ಮೂಲೆಯಲ್ಲಿ ಕೈಯಿಟ್ಟು ಒಂದು ಗಳಿಗೆ ಕೂರುತ್ತಿದ್ದೆ. ಅಳು ಬರುತ್ತಿರಲಿಲ್ಲ. ಅವನು ಹೋದಾಗಿನಿಂದಲೂ ಬಂದಿರಲಿಲ್ಲ. ಕೈ ಬೆಚ್ಚಗಾಗುತ್ತಿತ್ತು, ಅಷ್ಟೆ.

ಒಂದು ಭಾನುವಾರ ಬೆಳಿಗ್ಗೆ ಮುಕ್ತಾ ಅಂಗಳದಲ್ಲಿ ಅಂಗಡಿ ಆಟ ಆಡುತ್ತಿದ್ದಳು. ಅವಳ ಅಂಗಡಿಯ ಸಾಮಾನುಗಳ ನಡುವೆ ಒಂದು ಬಿಲ್ಲೆ ಇತ್ತು. ಎತ್ತಿ ನೋಡಿದೆ. ಗುರುಪಾದನ ನಂಬರು.

“ಎಲ್ಲಿ ಸಿಕ್ಕಿತು ಇದು?”

“ದೇವರ ಮಾಡದಾಗ. ಗೂಡಿನ ದೀಪದ ಹಿಂದ.”

ಅತ್ತೆ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆ ಹೇಳಿದರು. “ಅದು ಕಡೀ ಪಾಳಿಗೆ ಹೋದ ದಿನದ್ದು. ವಾಪಸ್ ಕೊಡೂದು ಉಳದಬಿಟ್ಟಿತು.”

“ಅವತ್ತು ಬಿಲ್ಲೆ ಹಾಕ್ಕೊಂಡು ಹೋಗಲಿಲ್ಲೇನ್ರಿ?”

“ಅವತ್ತ ಏನು, ಯಾವತ್ತರ ಹಾಕ್ಕೊಂಡು ಹೋಗ್ಯಾನ?” ಎಂದರು ಅತ್ತೆ. “ಮುಂಜಾನೆ ನಾನಽ ಅಂಗಿಯಿಂದ ಬಿಚ್ಚಿ ಮಾಡದಾಗ ಇಡತಿದ್ದೆ. ಮಧ್ಯಾಹ್ನ ಬಂದಕೂಡ್ಲೆ ಮತ್ತ ಸಿಗಿಸ್ಕೋತಿದ್ದ. ಬಿಲ್ಲೆ ಮನ್ಯಾಗಿದ್ರ ಮನಿಷ್ಯಾ ಮನಿಗಿ ಬರ್ತಾನ, ನಂದಾ. ಎಲ್ಲಾರ ಮನ್ಯಾಗೂ ಹಂಗ ಮಾಡತಾರ. ನಿನಗ ಗೊತ್ತಿಲ್ಲೇನು?”

ನನಗೆ ಗೊತ್ತಿರಲಿಲ್ಲ. ಅವನು ಆರಕ್ಕೆ ಹೋಗುತ್ತಿದ್ದ. ಆ ಹೊತ್ತಿಗೆ ನಾನು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದೆ. ಅವನು ಮೂರಕ್ಕೆ ಬರುತ್ತಿದ್ದ, ನಾನು ಐದಕ್ಕೆ.

“ನನಗ್ಯಾಕ ಹೇಳಲಿಲ್ರಿ?”

“ಅವನಽ ಬ್ಯಾಡ ಅಂದಿದ್ದ. ‘ಆಕಿ ಓದೂ ನಂಬರು ಸಣ್ಣದಽ ಇರಲಿ ಬೇ. ದೊಡ್ಡದಾದ್ರ ಆಕಿ ಉಣ್ಣೂದು ಬಿಡತಾಳ’ ಅಂದ.” ಅತ್ತೆ ಮೊರವನ್ನು ಕೆಳಗಿಟ್ಟರು. “ನಾ ಏನ ತಪ್ಪ ಮಾಡೀನೇನವ್ವಾ?”

“ಇಲ್ರಿ,” ಎಂದೆ.

ಮರುದಿನ ಕಚೇರಿಯಲ್ಲಿ ನನ್ನ ಅಳತೆಯ ಪುಸ್ತಕಗಳನ್ನು ತೆಗೆದು ಕೂತೆ. ಎಂಟೊಂಬತ್ತು ವರ್ಷ ನಾನು ಅಳೆದದ್ದು ಗಣಿಯನ್ನಲ್ಲ. ಊರಿನ ದೇವರ ಮಾಡಗಳನ್ನು ಅಳೆದಿದ್ದೆ. ಗುರುಪಾದನ ತಿಳಿ ಫಿಲ್ಮು ನಮ್ಮ ಮನೆಯ ದೀಪದ ಹಿಂದಿನ ಗೋಡೆಯ ಲೆಕ್ಕ. ಆದರೆ ಎಲ್ಲರ ಫಿಲ್ಮೂ ತಿಳಿಯಾಗಿರಲಿಲ್ಲ. ಕೆಲವು ಸ್ವಲ್ಪ ಕಪ್ಪಾಗಿರುತ್ತಿದ್ದವು. ಅವರು ಹೆಚ್ಚು ಆಳಕ್ಕೆ ಇಳಿಯುವವರು ಎಂದುಕೊಂಡಿದ್ದೆ. ಬಿಲ್ಲೆಗಳು ಇಳಿದೇ ಇರದಿದ್ದರೆ ಮತ್ತೆ ಕಪ್ಪಾದದ್ದು ಹೇಗೆ? ಆ ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋದೆ. ಒಬ್ಬನ ಅಪ್ಪ ಗಣಿಯಲ್ಲಿದ್ದು ಹೋದವನು. ಇನ್ನೊಬ್ಬನ ಅಣ್ಣ. ಮತ್ತೊಬ್ಬ ಮಾಬೂಬಿಯ ಅಳಿಯ, ಅವಳ ಮನೆಯಲ್ಲೇ ಇರುವವನು. ಕಪ್ಪಾದ ಬಿಲ್ಲೆಗಳೆಲ್ಲ ಕೌದಿ ಇದ್ದ ಮನೆಗಳಿಂದ ಬಂದಿದ್ದವು.

ಅವತ್ತು ಒಂದು ಹೊಸ ಬಿಲ್ಲೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಕೌದಿಯ ತೆರೆದ ಮೂಲೆಯೊಳಗೆ, ಕಿಸೆಯಲ್ಲಿ ಇಟ್ಟೆ. ತಿಳಿಯಲು ಒಂದು ವಾರ ಸಾಕಿತ್ತು. ನಾನು ತಿಂಗಳು ಪೂರ್ತಿ ಇಟ್ಟೆ. ಲೆಕ್ಕ ಸರಿಯಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಆ ತಿಂಗಳು ಬೇಕಿತ್ತು. ಮುಕ್ತಾ ಅದರಡಿಯಲ್ಲಿ ಮಲಗಿದ್ದಳು, ನಾನು ಸಂಜೆ ಹೊತ್ತು ಕೈಯಿಟ್ಟು ಕೂತಿದ್ದೆ, ಬೆರಳಿಗೆ ಬಿಲ್ಲೆಯ ಅಂಚು ತಾಗುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ತಿಂಗಳಾದ ಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದೆ. ನೀರಿನೊಳಗೆ ಅದು ಕಪ್ಪಾಗುತ್ತ ಹೋಯಿತು, ನಿಲ್ಲಲಿಲ್ಲ. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ತವೆಯ ತಳದ ಹಾಗಿತ್ತು, ಬೆಳಕೇ ಹಾಯಲಿಲ್ಲ. ಗಣಿಗಿಳಿಯುವ ಗಂಡಸಿಗೆ ವರ್ಷಕ್ಕೆ ಇಷ್ಟು ಎಂದು ಮಿತಿ ಇದೆ. ಐದು ವರ್ಷದ ಹುಡುಗಿಗೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹುಡುಗಿಯರು ಗಣಿಗೆ ಇಳಿಯುವುದಿಲ್ಲವಲ್ಲ.

ಒಂದು ಲೆಕ್ಕ ಮಾತ್ರ ನನಗೆ ಬಾಯಿಪಾಠವಿತ್ತು. ಆ ಕಲ್ಲಿನ ಬಿಸಿ ಅರ್ಧಕ್ಕೆ ಇಳಿಯಲು ಬೇಕಾಗುವ ವರ್ಷಗಳು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಗುರುಪಾದನ ಬಿಸಿ ನನಗಿಂತ, ಮುಕ್ತಾಳಿಗಿಂತ, ಈ ಊರಿಗಿಂತ, ಊರ ಹಿಂದಿನ ಗುಡ್ಡಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಅಷ್ಟು ಕಾಲ ಯಾರಾದರೂ ಯಾರ ಜೊತೆಗಾದರೂ ಇರುತ್ತೇನೆಂದು ಮಾತು ಕೊಟ್ಟಿದ್ದಾರೆಯೇ?

ಸುರಕ್ಷತಾ ಅಧಿಕಾರಿಯವರ ಕೋಣೆಗೆ ಹೋಗಿ ಅಂಗಿಗಳ ವಿಷಯ ಹೇಳಿದೆ. ಅವರು ಹೊರಗಿನವರು, ಬಂದು ಎರಡು ವರ್ಷವಾಗಿತ್ತು. ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ನಾಲ್ಕನೆಯ ದಿನ ಒಂದು ಸಾಲಿನ ಉತ್ತರ ಬಂತು: ‘ಹತ್ತಿ ಬಟ್ಟೆಗೆ ಶಾಖವನ್ನು ಹಿಡಿದಿಟ್ಟುಕೊಳ್ಳುವ ಗುಣವಿರುವುದಿಲ್ಲ.’ ಅವರ ಮೇಜಿನ ಮೇಲೆ ನಮ್ಮೂರಿನ ಮೊಸರಿನ ಕುಡಿಕೆ ಇತ್ತು. ಅವರ ಡ್ರೈವರು ದಿನವೂ ಪೇಟೆಯಿಂದ ತಂದುಕೊಡುತ್ತಿದ್ದ.

ನಾನು ಪಕ್ಕದ ಊರಿಗೆ ಹೋಗಿ ಒಂದು ಕಂಬಳಿ ಕೊಂಡು ತಂದೆ. ಮುಕ್ತಾ ಅದನ್ನು ಮುಟ್ಟಿ ಕೈ ಹಿಂದೆಗೆದುಕೊಂಡಳು.

“ಇದು ಸತ್ತೈತಿ,” ಎಂದಳು.

“ಕಂಬಳಿ ಹಿಂಗಽ ಇರ್ತಾವ ಪುಟ್ಟಿ. ಒಂದೀಟು ಹೊತ್ತು ಹೊದ್ಕೋ, ನಿನ್ನ ಬಿಸಿನೇ ಅದಕ್ಕ ಬರತೈತಿ.”

“ನಾ ಯಾಕ ಕೊಡಬೇಕ ಅದಕ್ಕ? ಅಪ್ಪ ಕೊಡತಾನಲ್ಲ?”

ಅತ್ತೆಗೆ ಹೇಳಲೇಬೇಕಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಕಿರಣ, ಫಿಲ್ಮು ಎಲ್ಲವನ್ನೂ ಆದಷ್ಟು ಸರಳವಾಗಿ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹಂಗಾರ ಏನ ಮಾಡಬೇಕಂತಿ?”

“ಪ್ರಯೋಗಾಲಯದ ಹಿಂದ ನೆಲದಾಗ ಒಂದು ಕೋಲಿ ಐತ್ರಿ. ಸೀಸದ ಗ್ವಾಡಿ. ಅದರಾಗ ಇಡಬೇಕು.”

“ಹುಗೀಬೇಕು ಅನ್ನು.”

ನಾನು ಎದ್ದು ಒಲೆಯ ಕಟ್ಟಿಗೆ ಮುಂದಕ್ಕೆ ತಳ್ಳಿದೆ.

“ಅಂವ ಬೆಚ್ಚಗದಾನ, ನಂದಾ.” ಈಗ ಅವರ ಕೈ ನಿಂತಿತು. “ಮೊನ್ನಿ ಮುಟ್ಟಿನಿ, ಇವತ್ತೂ ಮುಟ್ಟಿನಿ. ಬೆಚ್ಚಗಿದ್ದವರನ್ನ ಯಾರರ ಹುಗೀತಾರೇನು? ಅವತ್ತ ಹುಗದದ್ದು ತಣ್ಣಗಾದಾಂವನ್ನ. ಇಂವನ್ನ ಅಲ್ಲ.”

ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ನಾನು ತಿರುವಿ ಹಾಕಿದೆ.

“ಊರ ಮಂದಿ ಎಲ್ಲಾ ಹೊದ್ಕೊಂಡಾರ. ಅವರೇನ ಸತ್ತಾರೇನು?” ಎಂದರು. ಯಾರು ಯಾರು ಸತ್ತರು ಎಂದು ಇಬ್ಬರೂ ಒಂದಿಷ್ಟು ಹೊತ್ತು ನೆನಪು ಮಾಡಿಕೊಂಡೆವು. ಕಡೆಗೆ ಅವರೇ ಒಂದು ದಾರಿ ಹೇಳಿದರು. “ಹುಡುಗಿಗೆ ಬ್ಯಾಡ. ಆತು. ನಾ ಮುದುಕಿ, ನನಗೇನಾಗೂದೈತಿ? ಹೊರಗಿನ ಕೋಲ್ಯಾಗ ನಾ ಒಬ್ಬಾಕೇ ಹೊದ್ಕೊಂಡು ಮಲಗತೀನಿ. ನನ್ನ ಮಗ ನನ್ನ ಜೋಡಿ ಇರಲಿ.”

ಒಪ್ಪಿದೆ. ಒಪ್ಪಿದಾಗ ನನಗೆ ಆದ ಸಮಾಧಾನ ಮಗಳಿಗಾಗಿ ಆದದ್ದಾಗಿರಲಿಲ್ಲ. ಅವನು ಮನೆಯಲ್ಲೇ ಇರುತ್ತಾನೆ ಎಂದಾಗಿತ್ತು.

ಹದಿನೈದು ದಿನ ಹಾಗೆ ನಡೆಯಿತು. ಒಂದು ಸಂಜೆ ಕೆಲಸದಿಂದ ಬಂದಾಗ ಅತ್ತೆ ಹಿತ್ತಲಲ್ಲಿದ್ದರು. ಹೊರಗಿನ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಶಾಲೆಯ ಚೀಲ ಹೊಸ್ತಿಲ ಬಳಿ ಬಿದ್ದಿತ್ತು. ಮುಕ್ತಾ ಕೌದಿಯೊಳಗೆ ಪೂರ್ತಿ ಹುದುಗಿಕೊಂಡು, ಮೂಗಿನ ತುದಿ ಮಾತ್ರ ಹೊರಗಿಟ್ಟು ನಿದ್ದೆ ಹೋಗಿದ್ದಳು. ಹಣೆ ಬೆವರಿತ್ತು. ಎತ್ತಿಕೊಂಡು ಬರಬೇಕೆಂದು ಒಳಗೆ ಹೋದೆ. ಬಗ್ಗಿದವಳು ಅಲ್ಲೇ ಕೂತೆ. ನನ್ನ ಕೈ ತಾನಾಗಿ ಆ ಮೂಲೆ ಹುಡುಕಿ ಒಳಗೆ ಹೋಯಿತು. ಅವನ ಕಿಸೆ. ಬೆಚ್ಚಗೆ. ಮದುವೆಯಾದ ಹೊಸತರಲ್ಲಿ, ಚಳಿಯಲ್ಲಿ ನಡೆದು ಬರುವಾಗ ನನ್ನ ಕೈ ಹಿಡಿದು ತನ್ನ ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದ. ‘ಒಂದಽ ಕಿಸೆ ಐತಿ, ಒಂದಽ ಕೈ ಹಿಡೀತೈತಿ, ಇನ್ನೊಂದು ನೀನಽ ನೋಡ್ಕೋ’ ಎನ್ನುತ್ತಿದ್ದ. ಆ ಇನ್ನೊಂದು ಕೈ ಇಡೀ ದಾರಿ ತಣ್ಣಗಿರುತ್ತಿತ್ತು. ಆದರೂ ನಾವು ಬೇಗ ನಡೆಯುತ್ತಿರಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ಹಿತ್ತಲಿನಿಂದ ಬಂದ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳನ್ನು ನೋಡಿದರು, ನನ್ನನ್ನು ನೋಡಿದರು.

“ದಿನಾ ಬರತಾಳೇನ್ರಿ?” ಎಂದು ಕೇಳಿದೆ.

“ಬಾಗಲಾ ಹಾಕ್ಕೊಂಡ್ರ ಅಳತಾಳ,” ಎಂದರು. ಸ್ವಲ್ಪ ತಡೆದು, “ನೀನೂ ದಿನಾ ಬರತೀಯೇನು?”

“ಹೂಂ.”

ಬೀಗ ಹಾಕುವಂಥ ಕೋಣೆ ನಮ್ಮ ಮನೆಯಲ್ಲಿ ಇರಲಿಲ್ಲ. ಇದ್ದರೂ ಅದರ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು.

ಮರುದಿನ ಫಿಲ್ಮನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ. ಹೇಳಿದ್ದು ಸಾಕು, ಇನ್ನು ತೋರಿಸೋಣ ಎಂದುಕೊಂಡೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಎದ್ದು, ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಎತ್ತಿ ಹಿಡಿದರು. ಹಿಂದೆ ಮಗನ ಎದೆಯ ಫೋಟೋ ಹಿಡಿದ ಕಿಟಕಿ ಅದೇ. ಒಂದು ಕಣ್ಣು ಮುಚ್ಚಿ ನೋಡಿದರು.

“ಇದು ಯಾರ ಎದಿ?”

“ಎದಿ ಅಲ್ರಿ. ಮುಕ್ತಾ ಮಲಗೂ ಜಾಗ.”

ಅವರು ಇನ್ನೊಂದು ಸಲ ಹಿಡಿದರು. ಆಮೇಲೆ ಅಟ್ಟದ ಮೇಲಿನಿಂದ ದೊಡ್ಡ ಲಕೋಟೆ ಇಳಿಸಿ, ಮಗನ ಫೋಟೋ ತೆಗೆದು, ಎರಡನ್ನೂ ಅಕ್ಕಪಕ್ಕ ಕಿಟಕಿಯ ಸರಳಿಗೆ ಒರಗಿಸಿದರು. ಅವತ್ತು ನಾನೂ ನೋಡಿದೆ. ಅತ್ತೆ ಎರಡನ್ನೂ ಲಕೋಟೆಯೊಳಗೆ ಹಾಕಿ, ಬಾಯಿ ಮಡಚಿ, ಅಟ್ಟದ ಮೇಲಿಟ್ಟರು.

ಬೆಳಿಗ್ಗೆ ನಾನು ಎದ್ದಾಗ ಮನೆ ತುಂಬ ಶೇಂಗಾ ಹುರಿದ ವಾಸನೆ. ಅತ್ತೆ ಬೆಲ್ಲ ಕುಟ್ಟುತ್ತಿದ್ದರು. ಹಣೆಯ ಮೇಲೆ ಬೆವರಿತ್ತು, ಕಣ್ಣು ಕೆಂಪಾಗಿದ್ದವು, ಒಲೆಯ ಹೊಗೆಯೂ ಇತ್ತು.

“ಮಾಬೂಬಿನ್ನ ಕರಿ,” ಎಂದರು. “ಮೂಲಿ ಮುಚ್ಚಾಕ ಸೂಜಿ ಬೇಕು.”

ಮಾಬೂಬಿ ಬಂದು, ಕೌದಿ ಸೀಸದ ಕೋಣೆಗೆ ಹೋಗುತ್ತದೆ ಎಂದು ಕೇಳಿ ಎದೆಗೆ ಕೈ ಬಡಿದುಕೊಂಡಳು. “ಹುಚ್ಚ ಹಿಡದೈತೇನು ನಿಮಗ? ಇಷ್ಟು ಬಿಸಿ ಕೌದಿ ಊರಾಗ ಇನ್ನೊಂದು ತೋರಸ್ರಿ. ನನಗರ ಕೊಡ್ರಿ.”

“ನಿನಗ ಒಂದು ಸಾಲೂದಿಲ್ಲೇನು?” ಎಂದರು ಅತ್ತೆ.

“ನನ್ನಾಂವ ಒಂದ ಮಗ್ಗಲಕ್ಕ ಆಗ್ತಾನ. ಇನ್ನೊಂದು ಮಗ್ಗಲಾ ಖಾಲಿ ಐತಿ.” ಅತ್ತೆ ನಕ್ಕರು. ವರ್ಷಕ್ಕಿಂತ ಹೆಚ್ಚು ದಿನದ ಮೇಲೆ ನಕ್ಕದ್ದು. ಆಮೇಲೆ ಮಾಬೂಬಿ ನನ್ನ ಮುಖ ನೋಡಿ ಸೂಜಿಗೆ ದಾರ ಪೋಣಿಸಲು ಮುಕ್ತಾಳಿಗೆ ಕೊಟ್ಟಳು.

ಹೋಳಿಗೆ ಇನ್ನೂ ಬಿಸಿಯಾಗಿತ್ತು. ಒಂದು ತುತ್ತು ಮುರಿದೆ. ಮೂಲೆಯೊಳಗೆ ಕೈಯಿಟ್ಟೆ, ಕಿಸೆಯ ತಳದವರೆಗೆ ಇಳಿಸಿದೆ. ಬಿಸಿ ಯಾವುದು ಹೋಳಿಗೆಯದು, ಯಾವುದು ಅವನದು ಎಂದು ಬೆರಳಿಗೆ ಗೊತ್ತಾಗಲಿಲ್ಲ. ತುತ್ತು ಬಿಟ್ಟೆ. ಕೈ ತೆಗೆಯುವುದು ಸ್ವಲ್ಪ ತಡವಾಯಿತು. ಯಾರೂ ಅವಸರ ಮಾಡಲಿಲ್ಲ. ಹೊಲಿಗೆ ನಾನೇ ಹಾಕಿದೆ. ಡೊಂಕಾಯಿತು. ಮಾಬೂಬಿ ತಿದ್ದಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು.

ಕೌದಿಯನ್ನು ಮಡಚಿ ತಲೆಯ ಮೇಲಿಟ್ಟುಕೊಂಡು ಅತ್ತೆಯೇ ನಡೆದರು. ನಾನು ಹಿಂದೆ. ಬೀದಿಯಲ್ಲಿ ಕಟ್ಟೆಯ ಮೇಲೆ ಕೂತವರು ಯಾರ ಮನೆಗೆ ಬಾಣಂತನಕ್ಕೆ ಒಯ್ಯುತ್ತಿದ್ದೀರಿ ಎಂದು ಕೇಳಿದರು. ಅತ್ತೆ ನಿಲ್ಲದೆ ನಡೆದರು. ಗಣಿಯ ದರವಾಜೆಯ ಒಳಗೆ ಅವರನ್ನು ಬಿಡಲಿಲ್ಲ. ಅಲ್ಲಿ ಕೌದಿಯನ್ನು ನನ್ನ ತಲೆಗೆ ಏರಿಸಿ, ಮೇಲೆ ಒಮ್ಮೆ ಅಂಗೈ ಒತ್ತಿ, ತಿರುಗಿ ನೋಡದೆ ಹೋದರು.

ನೆಲದಡಿಯ ಕೋಣೆಯ ಕೀಲಿ ವೆಂಕೋಬರಾಯರ ಹತ್ತಿರ ಇರುತ್ತದೆ. ಪ್ರಯೋಗಾಲಯದಲ್ಲಿ ನನಗಿಂತ ಹಿರಿಯರು, ಇದೇ ಊರಿನವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅಲ್ಲಿ ಒಡೆದ ಶೀಶೆ, ಮಾದರಿ ಕಲ್ಲು, ಬಳಸಿದ ಕೈಗವಸು ಇಡುತ್ತೇವೆ. ಏನೇ ಇಟ್ಟರೂ ಹೆಸರು ಬರೆಯಬೇಕು. ಅವರು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು. ನನ್ನ ತಲೆಯ ಮೇಲಿನದನ್ನು ನೋಡಿ ಎದ್ದು ನಿಂತರು.

“ಏನಂತ ಬರೀಲಿ, ನಂದಾಬಾಯಾರ?”

“ಕೌದಿ.”

“ಎಷ್ಟು?”

“ಒಂದು.”

ಅವರು ಬರೆದರು. ಸಾಹೇಬರು ನೋಡಿದರೆ ಏನು ಹೇಳಬೇಕು ಎಂದು ಕೇಳುತ್ತಾರೆಂದುಕೊಂಡಿದ್ದೆ. ಅವರು ಲೇಖನಿ ಎತ್ತಿ ಹಿಡಿದು, ಕೌದಿಯನ್ನು ನೋಡುತ್ತ ಮೆಲ್ಲಗೆ, “ಊಟಾ ಆಗೇದ?” ಎಂದರು.

“ಆಗ್ಯದ್ರಿ.”

ಕೀಲಿ ಹಾಕಿದರು.

ಮನೆಗೆ ಬರುವ ದಾರಿಯಲ್ಲಿ, ಹಳ್ಳದ ಫಲಕದ ಹತ್ತಿರ, ನನಗೆ ಅಳು ಬಂತು. ಫಲಕದ ಮೇಲೆ ಯಾರದೋ ಖಾಕಿ ಅಂಗಿ ಒಣಗುತ್ತಿತ್ತು. ಅದರ ಮಗ್ಗುಲಲ್ಲಿ ನಿಂತು, ಮುಟ್ಟದೆ, ಮುಗಿಯುವವರೆಗೆ ಅಳುತ್ತಿದ್ದೆ.

ನಾಲ್ಕೈದು ದಿನದ ಮೇಲೆ ಮಾಬೂಬಿ ಒಂದು ಬಟ್ಟಲು ಮೊಸರು ತಂದಳು. ಅತ್ತೆ ಬಟ್ಟಲು ನೋಡಿ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಬ್ಯಾಡ ಮಾಬೂಬಿ. ನಾವೀಗ ಹಾಲಽ ಉಣ್ಣತೀವಿ.”

ಮಾಬೂಬಿ ಬಟ್ಟಲು ಹಿಡಿದು ನಿಂತೇ ಇದ್ದಳು. ಅವಳ ಮಗಳು ಏಳು ತಿಂಗಳ ಬಸುರಿ, ತವರಿನಲ್ಲೇ ಇರುವವಳು, ಅಪ್ಪನ ಕೌದಿ ಬಿಟ್ಟು ಮಲಗುವವಳಲ್ಲ. ಅತ್ತೆ ಒಳಗೆ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು ದನಿ ಇಳಿಸಿದಳು.

“ನಂದಾ, ಆ ಬಿಲ್ಲೆ ಇನ್ನೊಂದು ಐತೇನು ನಿನ್ನ ಹಂತ್ಯಾಕ?”

ಚೀಲದಿಂದ ತೆಗೆದುಕೊಟ್ಟೆ. “ಒಂದು ವಾರ ಸಾಕು ಕಾಕು,” ಎಂದೆ. “ಅದಕ್ಕಿಂತ ಹೆಚ್ಚು ಇಡಬ್ಯಾಡ.”

ಆ ಚಳಿಗಾಲ ಬಹಳ ಜೋರಾಗಿತ್ತು. ಮುಕ್ತಾ ಕಂಬಳಿಗೆ ಬಿಸಿ ಕೊಡುವುದನ್ನು ಕಲಿತಳು, ಬೇಗ ಕಲಿತಳು. ಅತ್ತೆ ಮಾತ್ರ ಪ್ರತಿ ಸಂಜೆ ಹಾಲಿಗೆ ಹೆಪ್ಪು ಹಾಕಿ, ಕೌದಿ ಇರುತ್ತಿದ್ದ ಜಾಗದಲ್ಲೇ ಪಾತ್ರೆ ಇಡುತ್ತಿದ್ದರು. ಬೆಳಿಗ್ಗೆ ನಾವಿಬ್ಬರೂ ಹೋಗಿ ಮುಚ್ಚಳ ತೆಗೆದು ನೋಡುತ್ತಿದ್ದೆವು. ಹಾಲು ಹಾಲಾಗಿಯೇ ಇರುತ್ತಿತ್ತು.